ಅರವತ್ತು ಹಾಳೆ, ಎರಡು ಕೈಬರಹ

ಮಸ್ಕತ್, ಹೊರಡುವ ಮೊದಲು

ಕಳೆದ ರಾಜ್ಯೋತ್ಸವದ ದಿನ ಕುರ್ಚಿ ಹಾಕಿದವರು ಯಾರು ಎಂಬುದು ಮಸ್ಕತ್ತಿನ ನಮ್ಮ ಕನ್ನಡ ಬಳಗದವರಿಗೆಲ್ಲ ನೆನಪಿರಬೇಕು. ಐವತ್ತು ದಾಟಿದ ನಾಲ್ವರು ಗಂಡಸರು, ಸೊಂಟನೋವಿನ ನನ್ನ ಅಮ್ಮ ಮತ್ತು ನಾನು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಊಟದ ಹೊತ್ತಿಗೆ ಸರಿಯಾಗಿ ಬಂದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಶಾಲೆಯಲ್ಲಿದ್ದಾಗ ನಾನೂ ಊಟದ ಹೊತ್ತಿಗೇ ಬರುತ್ತಿದ್ದೆನಂತೆ. ಇದು ಅಮ್ಮ ಹೇಳುವ ಮಾತು. ನನ್ನ ನೆನಪಿನಲ್ಲಿ ನಾನು ಒಂದೆರಡು ಸಲವಾದರೂ ರಂಗೋಲಿ ಹಾಕಿದ್ದೇನೆ.

ದಿನಚರಿ ಬರೆಯುವವರಿಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ಹಳೆಯ ಪುಟ ತೆರೆದಾಗಲೆಲ್ಲ ನೆನಪು ಎಲ್ಲೆಲ್ಲಿ ತನಗೆ ಬೇಕಾದ ಹಾಗೆ ತಿದ್ದಿಕೊಂಡಿದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಇದನ್ನು ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಯಾಕೆ ಬರುತ್ತಾರೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ನನ್ನ ಗೈಡ್ ಒಮಾನಿ ಮಹಿಳೆ, ಮಾತು ಕಡಿಮೆ. "ಬಾರದವರನ್ನು ನೋಡಿದ್ದು ಸಾಕು. ಬರುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗು" ಎಂದರು. ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಮೂರು ದಿನದ ಜಾನಪದ ಉತ್ಸವವಿತ್ತು, ಅದಕ್ಕೆ ಅರವತ್ತು ವಿದ್ಯಾರ್ಥಿಗಳು ಸ್ವಯಂಸೇವಕರಾಗಿದ್ದರು. ಅಮ್ಮನ ಬಿ.ಎಡ್. ಗೆಳತಿ ಶಾಂತಾಬಾಯಿಯವರ ಮನೆಯೂ ಅಲ್ಲಿತ್ತು. ಪ್ರಬಂಧಕ್ಕೆ ನಾನು ಈಗಾಗಲೇ ಎರಡು ಸಲ ಗಡುವು ಮುಂದೂಡಿಸಿಕೊಂಡವಳು. ಮೂರನೆಯದು ಸಿಗುವುದಿಲ್ಲ ಎಂದು ಗೈಡ್ ನಗುತ್ತಲೇ ಹೇಳಿದ್ದರು. ಅರವತ್ತು ಹಾಳೆ ತುಂಬಿ ಬಂದರೆ ಪ್ರಬಂಧ ಮುಗಿಯುತ್ತದೆ. ಬರದಿದ್ದರೆ ನಾಲ್ಕು ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ.

ನಾನು ಹುಟ್ಟಿದ್ದು ಮಸ್ಕತ್ತಿನಲ್ಲಿ. ಭಾರತವೆಂದರೆ ನನಗೆ ಕಾರ್ಕಳದ ಅಜ್ಜಿಮನೆ ಮತ್ತು ಮಂಗಳೂರಿನ ಮೂರು ವರ್ಷದ ಡಿಗ್ರಿ. ಹಾಗಿರುವಾಗ ಇದು ವಿದೇಶ ಪ್ರವಾಸವೋ ಸ್ವದೇಶ ಪ್ರವಾಸವೋ ನನಗೆ ತಿಳಿಯಲಿಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ "ಊರಿಗಾ?" ಎಂದು ಕೇಳಿದಾಗ "ಅಲ್ಲ, ಕಲಬುರಗಿಗೆ" ಎಂದೆ. ಅವನು ನನ್ನ ಪಾಸ್‌ಪೋರ್ಟನ್ನು ಇನ್ನೊಮ್ಮೆ ತಿರುಗಿಸಿ ನೋಡಿದ.

ಐವಾನ್-ಎ-ಶಾಹಿ

ಹೈದರಾಬಾದಿನಿಂದ ರೈಲು. ವಾಡಿ ದಾಟಿದ ಮೇಲೆ ಎದುರು ಸೀಟಿನ ಹೆಂಗಸು ತನ್ನ ಬುತ್ತಿ ಬಿಚ್ಚಿ, ನನ್ನ ಕೈಗೆ ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಟ್ಟು, ಆಮೇಲೆ "ತಿಂತೀರಿಲ್ರಿ?" ಎಂದು ಕೇಳಿದಳು. ಮೊದಲು ಕೊಟ್ಟು ಆಮೇಲೆ ಕೇಳುವ ಈ ಕ್ರಮವನ್ನು ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಅದು ಮುಂದೆ ನನ್ನ ಸಂಶೋಧನೆಯನ್ನೇ ಅಲುಗಾಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಶಾಂತಾಬಾಯಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಅವರ ಮನೆ, ಹೊರಗೆ ಬೇವಿನ ಮರ, ಒಳಗೆ ಶಹಾಬಾದಿ ಕಲ್ಲಿನ ನೆಲ. ಮಧ್ಯಾಹ್ನದ ಬಿಸಿಲು ಮಸ್ಕತ್ತಿನ ಬಿಸಿಲಿಗೆ ತಮ್ಮನಾಗಬೇಕು. ನಮ್ಮಲ್ಲಿ ಬಿಸಿಲಿಗೆ ಹೆದರಿ ಎಲ್ಲರೂ ಎ.ಸಿ.ಯೊಳಗೆ ಸೇರಿಕೊಂಡರೆ ಇವರು ಆ ಕಲ್ಲಿನ ನೆಲಕ್ಕೆ ನೀರು ಒರೆಸಿ, ಫ್ಯಾನು ಹಾಕಿ, ಅಲ್ಲೇ ಉರುಳಿಕೊಳ್ಳುತ್ತಾರೆ. ನಾನೂ ಉರುಳಿದೆ. ತಣ್ಣಗಿತ್ತು.

ಮೊದಲ ಎಡವಟ್ಟು ಚಹಾದಲ್ಲಿ ಆಯಿತು. ಒಮಾನಿಗಳ ಮನೆಯಲ್ಲಿ ಕಹ್ವಾ, ಅಂದರೆ ಅವರ ಕಾಫಿ, ಸಾಕೆನಿಸಿದರೆ ಬಾಯಲ್ಲಿ ಹೇಳುವುದಿಲ್ಲ, ಖಾಲಿ ಕಪ್ಪನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲುಗಿಸುತ್ತೇವೆ. ಅಭ್ಯಾಸ ಬಲದಿಂದ ಶಾಂತಾಬಾಯಿಯವರ ಮುಂದೆಯೂ ಹಾಗೇ ಮಾಡಿದೆ. ಅವರು ತುಂಬಿಸಿದರು. ಕುಡಿದು ಮತ್ತೆ ಅಲುಗಿಸಿದೆ. ಮತ್ತೆ ತುಂಬಿಸಿದರು. ನಾಲ್ಕನೆಯದಕ್ಕೆ ಅವರೇ ಸೋತರು.

"ಪ್ರತಿಮಾ, ಇನ್ನೂ ಬೇಕೇನವಾ? ಹಾಲು ಆಗ್ಯಾವ, ತರಸ್ತೀನಿ ತಡಿ."

"ಬೇಡ ಆಂಟಿ, ಮೊದಲನೇ ಕಪ್ಪಿಗೇ ಸಾಕಾಗಿತ್ತು."

"ಮತ್ತ ಕಪ್ ಅಳ್ಳಾಡಿಸಿ ಕೇಳಾಕತ್ತಿದ್ದೆಲ್ಲಾ?"

ವಿವರಿಸಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಮ್ಮ ಕಡಿ ಸಾಕಂದ್ರ ಕಪ್ ಬೋರಲ ಹಾಕಬೇಕವಾ. ಅದಕ್ಕೂ ಕೆಲವರು ಬಿಡಂಗಿಲ್ಲ, ತಿರುಗಿಸಿ ಹಾಕ್ತಾರ."

ಸಭಾಂಗಣ

ಉತ್ಸವದ ಮೊದಲ ದಿನ ಬೆಳಿಗ್ಗೆ ಹೋದಾಗ ಸಭಾಂಗಣದ ಮುಂದೆ ಕುರ್ಚಿಗಳು ಆಗಲೇ ಸಾಲಾಗಿ ನಿಂತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ಕೊರಳಲ್ಲಿ ಹಳದಿ ದಾರದ ಬ್ಯಾಡ್ಜ್ ಹಾಕಿಕೊಂಡ ಹುಡುಗ ಹುಡುಗಿಯರು ಅತ್ತಿತ್ತ ಓಡುತ್ತಿದ್ದರು. ಒಬ್ಬ ಡೊಳ್ಳು ಹೊತ್ತುಕೊಂಡಿದ್ದ, ಒಬ್ಬಳು ಮುದುಕರೊಬ್ಬರ ಕೈ ಹಿಡಿದು ನೀರಿನ ನಲ್ಲಿ ತೋರಿಸುತ್ತಿದ್ದಳು.

ಉಸ್ತುವಾರಿಯಲ್ಲಿದ್ದ ಪ್ರಾಧ್ಯಾಪಕ ಬಸವಂತರಾಯರು ನನ್ನನ್ನು ಇಬ್ಬರ ಕೈಗೊಪ್ಪಿಸಿದರು. ಒಬ್ಬಳು ರೇಣುಕಾ, ಎಂ.ಎ. ಕೊನೆಯ ವರ್ಷ, ಕೋಟನೂರಿನವಳು, ಸ್ವಯಂಸೇವಕರ ಮುಖಂಡಳು. ಇನ್ನೊಬ್ಬ ಇಮ್ರಾನ್, ಎಂ.ಕಾಂ., ದರ್ಗಾದ ಸುತ್ತಲಿನ ರೋಜಾ ಬಡಾವಣೆಯವನು, ಅವಳ ಬಲಗೈ.

ನಾನು ಅರವತ್ತು ಹಾಳೆಗಳ ಕಟ್ಟು ಕೊಟ್ಟೆ. ಪ್ರತಿ ಹಾಳೆಯಲ್ಲಿ ಹೆಸರು, ತರಗತಿ, "ನೀವು ಸ್ವಯಂಸೇವಕರಾಗಲು ಕಾರಣವೇನು?" ಎಂಬ ಪ್ರಶ್ನೆ, ಅದರ ಕೆಳಗೆ ಗುರುತು ಹಾಕಲು ಎಂಟು ಉತ್ತರಗಳು, ಅದಕ್ಕೂ ಕೆಳಗೆ ತಮ್ಮ ಮಾತಿನಲ್ಲಿ ಬರೆಯಲು ನಾಲ್ಕು ಗೆರೆ ಜಾಗ.

"ಎಲ್ಲಾರ್ದೂ ತುಂಬಿಸಿ ಕೊಡ್ಬೇಕೇನ್ರಿ ಅಕ್ಕಾರ?" ರೇಣುಕಾ ಕೇಳಿದಳು.

"ಹೌದು, ಅರವತ್ತೂ. ಆಗುತ್ತಾ?"

ಇಮ್ರಾನ್ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದ. "ಟೆನ್ಷನ್ ನಕೋ ಆಪಾ. ನಾಳಿ ಮುಂಜಾನಿ ನಿಮ್ಮ ಕೈಯಾಗ ಇರ್ತಾವ."

ಆ ದಿನದ ಪುಟದಲ್ಲಿ ಇನ್ನೊಂದು ಸಾಲಿದೆ. ಮೈಕಿನಲ್ಲಿ ಗಂಟೆಗೊಮ್ಮೆಯಾದರೂ "ರೇಣುಕಾ ಎಲ್ಲಿದ್ದರೂ ವೇದಿಕೆಯ ಹತ್ತಿರ ಬರಬೇಕು" ಎಂದು ಕೂಗುತ್ತಿದ್ದರು. ಒಮ್ಮೆ ಅವಳು ವೇದಿಕೆಯಿಂದ ಹತ್ತು ಹೆಜ್ಜೆ ದೂರದ ಕಂಬದ ಪಕ್ಕದಲ್ಲೇ ಇದ್ದಳು. ಕೂಗು ಕೇಳಿಸಿತು, ದುಪಟ್ಟಾ ಸರಿಮಾಡಿಕೊಂಡಳು, ಆದರೆ ಹೋಗಲಿಲ್ಲ. ಎರಡನೆಯ ಸಲ ಕೂಗಿದ ಮೇಲೆ ಹೋದಳು. "ಮುಖಂಡಳಿಗೆ ಸ್ವಲ್ಪ ಸೋಮಾರಿತನ?" ಎಂದು ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಆ ಚಿಹ್ನೆ ಹಾಕಿದ್ದಕ್ಕೆ ಈಗ ಸಮಾಧಾನವಾಗುತ್ತದೆ.

ರೋಜಾ

ಸಂಜೆ ಇಬ್ಬರೂ ನನ್ನನ್ನು ರೋಜಾಕ್ಕೆ ಕರೆದೊಯ್ದರು. ದರ್ಗಾದ ಸುತ್ತ ಹೂವಿನ ಚಾದರ, ಅತ್ತರು, ಖರ್ಜೂರದ ಅಂಗಡಿಗಳು. ಖರ್ಜೂರ ನೋಡಿ ನನಗೆ ಮನೆ ನೆನಪಾಯಿತು. ಅಂಗಡಿಯವನ ಹತ್ತಿರ ಇದು ಯಾವ ತಳಿ ಎಂದು ಕೇಳಿದೆ, ಅವನು "ಒಮಾನ್‌ಕಾ ಮಾಲ್, ಬಾಜಿ, ಫಸ್ಟ್ ಕ್ಲಾಸ್" ಎಂದ. ಅದು ಒಮಾನಿನದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನೇನೂ ಹೇಳದೆ ಕೊಂಡೆ. ಚೆನ್ನಾಗಿತ್ತು.

ಇಮ್ರಾನನ ಮನೆಯವರದು ಅಲ್ಲೇ ಒಂದು ಚಿಕ್ಕ ಲಾಡ್ಜ್. ಅವನ ತಾಯಿ ಮೂರು ತಟ್ಟೆ ತಹರಿ ಕಳಿಸಿದರು. ಅರಿಶಿನ ಬಣ್ಣದ ಆ ಅನ್ನ ತಿನ್ನುತ್ತ ಕೌಂಟರಿನ ಪಕ್ಕ ಕುಳಿತಿದ್ದೆವು. ಉರುಸಿನ ದಿನವಲ್ಲದಿದ್ದರೂ ಯಾತ್ರಿಕರು ಬರುತ್ತಲೇ ಇದ್ದರು. ದೂರದ ಹಳ್ಳಿಯಿಂದ ಬಂದ ಒಂದು ಕುಟುಂಬ ಒಳಗೆ ಬಂತು. ಇಮ್ರಾನ್ ತಟ್ಟೆ ಬದಿಗಿಟ್ಟು, ಕೈ ಒರೆಸಿಕೊಂಡು, ರಿಜಿಸ್ಟರು ಎಳೆದುಕೊಂಡ. ಹೆಸರು ಕೇಳಿದ, ಊರು ಕೇಳಿದ. ಉಳಿದ ಕಾಲಂಗಳನ್ನು ಕೇಳದೆಯೇ ತುಂಬಿದ.

"ಬಂದ ಉದ್ದೇಶ ಅಂತ ಇದೆಯಲ್ಲ, ಅವರನ್ನು ಕೇಳಲೇ ಇಲ್ಲ?" ಎಂದೆ.

"ಏನ್ ಕೇಳೂದು ಆಪಾ? ಎಲ್ಲಾರ್ದೂ ದರ್ಶನ ಅಂತ ಬರೀತೀನಿ. ಒಬ್ಬ ಬಿಮಾರ್ ಇರ್ತಾನ, ಒಬ್ಬಂದು ಮಗಳ ಶಾದಿ ಆಗಿರಂಗಿಲ್ಲ, ಒಬ್ಬ ಮನ್ಯಾಗ ಜಗಳ ಮಾಡಿ ಬಂದಿರ್ತಾನ. ಅದನ್ನೆಲ್ಲಾ ಹೇಳು ಅಂದ್ರ ಅವ್ರಿಗಿ ನಾಚಿಕಿ. ಸಣ್ಣಾವ ಇದ್ದಾಗಿಂದ ಬರಿಯಾಕತ್ತೀನಿ, ಒಬ್ಬರೂ ತಕರಾರ್ ಮಾಡಿಲ್ಲ."

ರೇಣುಕಾ ಅವನನ್ನು ಚುಡಾಯಿಸಿದಳು. "ಇವನ ರಿಜಿಸ್ಟರಿನ್ಯಾಗ ಕಳ್ಳ ಬಂದ್ರೂ ದರ್ಶನಕ್ಕೇ ಬಂದಿರ್ತಾನ್ರಿ."

ನಕ್ಕೆವು. ಈ ಮಾತುಕತೆಯಲ್ಲಿ ನನಗೊಂದು ಎಚ್ಚರಿಕೆಯಿತ್ತು. ಅದು ಅಂದು ಕಾಣಲಿಲ್ಲ. ದಿನಚರಿಯಲ್ಲಿ ಆ ರಾತ್ರಿ ಬರೆದದ್ದು ತಹರಿಯ ಬಗ್ಗೆ ಮಾತ್ರ.

ಮತ್ತೆ ಐವಾನ್-ಎ-ಶಾಹಿ

ಮರುದಿನ ಬೆಳಿಗ್ಗೆ ಹಾಳೆಗಳು ಬಂದವು. ಹೂಗುಚ್ಛದ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದ್ದರು. ಅರವತ್ತೂ ಇದ್ದವು, ಒಂದೂ ಮುದುರಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ತಣ್ಣನೆಯ ನೆಲದ ಮೇಲೆ ಹರಡಿ ಓದುತ್ತ ಹೋದ ಹಾಗೆ ನನ್ನ ಪ್ರಬಂಧ ತಾನೇ ಬರೆದುಕೊಳ್ಳುತ್ತಿರುವಂತೆ ಅನಿಸಿತು. "ನಾಡಿನ ಸಂಸ್ಕೃತಿ ಉಳಿಸಲು." "ನಾಯಕತ್ವದ ಗುಣ ಬೆಳೆಸಿಕೊಳ್ಳಲು." "ಹಿರಿಯ ಕಲಾವಿದರ ಸೇವೆಗಾಗಿ."

ಶಾಂತಾಬಾಯಿ ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವರು. ಚಹಾ ತಂದಿಟ್ಟು ನಿಂತಲ್ಲಿಂದಲೇ ಒಂದು ಸಲ ಕಣ್ಣಾಡಿಸಿದರು.

"ಎಷ್ಟ್ ಮಂದಿ ಬರದಾರ ಅಂದಿ?"

"ಅರವತ್ತು."

"ಇಬ್ಬರು ಬರದಾರ."

ಅವರು ಪಕ್ಕದಲ್ಲಿ ಕುಳಿತು, ಪರೀಕ್ಷೆಯಲ್ಲಿ ನಕಲು ಹಿಡಿಯುವವರ ಸಮಾಧಾನದಿಂದ ತೋರಿಸಿದರು. ಒಬ್ಬರದು ಗುಂಡು ಅಕ್ಷರ, ದೀರ್ಘದ ಕೊಂಬು ಮೇಲಕ್ಕೆ ಹೋಗಿದೆ. ಇನ್ನೊಬ್ಬರದು ಎಡಕ್ಕೆ ಬಾಗಿದ ಅಕ್ಷರ. ಅಲ್ಲಲ್ಲಿ ಪೆನ್ನು ಬದಲಾಯಿಸಿದ್ದಾರೆ, ಕೈ ಬದಲಾಗಿಲ್ಲ. ಕಟ್ಟಿನ ಕೊನೆಯಲ್ಲಿದ್ದ ಎರಡು ಹಾಳೆಗಳಲ್ಲಿ ಮಾತ್ರ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಒಂದರಲ್ಲಿ ಗುಂಡು ಅಕ್ಷರದ ರೇಣುಕಾ, ಇನ್ನೊಂದರಲ್ಲಿ ಬಾಗಿದ ಅಕ್ಷರದ ಇಮ್ರಾನ್.

ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಮೊದಲು ಬಂದ ಯೋಚನೆಯನ್ನು ಪ್ರಾಮಾಣಿಕವಾಗಿ ಬರೆಯಬೇಕಾದರೆ, ಅದು ಹೀಗಿತ್ತು: ನನ್ನ ಗೈಡ್‌ಗೆ ಕನ್ನಡ ಬರುವುದಿಲ್ಲ. ಉತ್ತರಗಳನ್ನು ಕಂಪ್ಯೂಟರಿಗೆ ಹಾಕುವವಳು ನಾನೇ. ಹಾಳೆಗಳನ್ನು ಮಸ್ಕತ್ತಿನಲ್ಲಿ ಯಾರೂ ನೋಡುವುದಿಲ್ಲ.

ಆ ಯೋಚನೆ ಎಷ್ಟು ಹೊತ್ತು ಇತ್ತು? ಚಹಾ ಆರುವಷ್ಟು ಹೊತ್ತು ಎಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ ಸಂಜೆ ಬರೆದ ಸಾಲು ಬೇರೆಯೇ ಇದೆ: "ಇನ್ನೂ ತೀರ್ಮಾನಿಸಿಲ್ಲ."

"ಏನ್ ಮಾಡ್ತಿ?" ಶಾಂತಾಬಾಯಿ ಕೇಳಿದರು.

"ಗೊತ್ತಿಲ್ಲ ಆಂಟಿ."

"ನಾ ಆಗಿದ್ರ ಸೊನ್ನಿ ಕೊಡ್ತಿದ್ದೆ," ಎಂದು ಸ್ವಲ್ಪ ತಡೆದು, "ಅಕ್ಷರ ಮಾತ್ರ ಛಲೋ ಅದಾವ" ಎಂದರು.

ಕಮಲಾಪುರದ ದಾರಿ

ಮೂರನೆಯ ದಿನದ ಕಾರ್ಯಕ್ರಮ ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿ. ಸ್ವಯಂಸೇವಕರ ಬಸ್ಸಿನಲ್ಲೇ ನನಗೂ ಜಾಗವಾಯಿತು, ರೇಣುಕಾಳ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಇಮ್ರಾನ್. ನಗರ ದಾಟುವ ಮೊದಲೇ ಅವಳ ಫೋನು ಬಡಿಯಿತು. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಏ ಸಣ್ಣಕಿ, ಹಿಟ್ಟಿನ ಡಬ್ಬಿ ಎಲ್ಲಿ ಇಟ್ಟಿ?" ಅವಳು ಹೇಳಿದಳು. ಐದು ನಿಮಿಷಕ್ಕೆ ಮತ್ತೆ. "ಸಣ್ಣಕಿ, ಹಾಲಿನವ ಬಂದಾನ."

"ಮನೆಯಲ್ಲಿ ನಿಮ್ಮನ್ನು ಸಣ್ಣಕಿ ಅಂತಾರಾ?"

"ನಾಕು ಮಂದಿ ಅಕ್ಕಂದಿರ ಕೆಳಗ ಹುಟ್ಟೀನ್ರಿ. ನನ್ನ ಹೆಸರು ರೇಷನ್ ಕಾರ್ಡಿನ್ಯಾಗ ಅಷ್ಟೇ ಅದ."

ನಾನು ಚೀಲದಿಂದ ಕಟ್ಟು ತೆಗೆದು ಮಡಿಲಲ್ಲಿಟ್ಟೆ. "ಇವನ್ನು ನೀವಿಬ್ಬರೇ ಬರೆದದ್ದಾ?"

ಅವಳು ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. "ಹೌದ್ರಿ. ಯಾಕ್ರಿ, ಅಕ್ಷರ ತಿಳೀಲಿಲ್ಲೇನು?"

"ಎಲ್ಲರ ಹತ್ತಿರ ಬರೆಸಿ ಕೊಡಿ ಅಂದಿದ್ದೆನಲ್ಲ."

"ತುಂಬಿಸಿ ಕೊಡ್ರಿ ಅಂದ್ರಿ. ತುಂಬಿಸಿದ್ವಿ." ಅವಳಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. "ಉತ್ಸವದಾಗ ಕಲಾವಿದರು ಬರ್ತಾರಲ್ರಿ, ಭಾಳ ಮಂದಿಗಿ ಬರಿಯಾಕ ಬರಂಗಿಲ್ಲ. ಅವರ ಫಾರ್ಮ್ ಎಲ್ಲಾ ನಾವೇ ತುಂಬತೀವಿ. ಎರಡು ವರ್ಷದಿಂದ ಅದೇ ಕೆಲಸ. ನೀವು ಅಷ್ಟ್ ದೂರದಿಂದ ಬಂದೀರಿ, ಹುಡುಗುರು ಕೆಲಸದಾಗ ಇದ್ರು, ನಿಮ್ಮನ್ಯಾಕ ಕಾಯಿಸೂದು ಅಂತ ಇಬ್ಬರೂ ಕುಂತು ಮುಗಿಸಿದ್ವಿ."

ಹಿಂದಿನಿಂದ ಇಮ್ರಾನ್ ತಲೆ ತೂರಿಸಿದ. "ಹಾತ್ ದುಖ್ ಗಯಾ ಆಪಾ. ಅರವತ್ತು ಅಂದ್ರ ಸಣ್ಣ ಮಾತಲ್ಲ."

"ಅವರೆಲ್ಲ ಯಾಕೆ ಬಂದರು ಅಂತ ನಿಮಗೆ ಹೇಗೆ ಗೊತ್ತು?"

"ಸುಮ್ನ ಬರದಿಲ್ರಿ. ಯಾರ್ ಯಾರಿಗಿ ಯಾವ್ದು ಶೋಭಾ ಕೊಡ್ತದ ಅಂತ ಯೋಚನಿ ಮಾಡಿ ಬರದೀವಿ," ಎಂದಳು ರೇಣುಕಾ.

"ಮತ್ತೆ ನಿಮ್ಮಿಬ್ಬರದು ಖಾಲಿ ಇದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ನಮ್ದು ಏನ್ ಬರೀಬೇಕೋ ತಿಳೀಲಿಲ್ರಿ," ಎಂದಳು.

ಆಗ ನಾನು ಹೇಳಬೇಕಾದ್ದನ್ನು ಹೇಳಿದೆ. ಈ ಹಾಳೆಗಳು ನನಗೆ ಉಪಯೋಗಕ್ಕೆ ಬರುವುದಿಲ್ಲ, ನನಗಿರುವುದು ಇನ್ನು ಆರು ದಿನ, ಪ್ರಬಂಧ ನಿಂತರೆ ನಿಂತಂತೆಯೇ. ದನಿ ಏರಿಸಲಿಲ್ಲ ಎಂದು ನನ್ನ ನೆನಪು. ಆದರೆ ಬಸ್ಸಿನ ಮಾತೆಲ್ಲ ನಿಂತುಹೋಗಿತ್ತು ಎಂದೂ ನೆನಪಿದೆ. ಎರಡೂ ನಿಜವಾಗಿರಲಾರವು. ರೇಣುಕಾ ಕಿಟಕಿಯ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು.

ಹೊರಗೆ ಅಷ್ಟು ಹೊತ್ತು ಕಪ್ಪಾಗಿದ್ದ ಹೊಲಗಳು ಒಂದು ಏರು ಹತ್ತಿದ ಮೇಲೆ ಕೆಂಪಾದವು. ಕಮಲಾಪುರದ ಮಣ್ಣು. ನನ್ನ ಅಜ್ಜಿಮನೆಯ ಮಣ್ಣಿನ ಬಣ್ಣವೇ.

ಕಮಲಾಪುರ

ಶಾಮಿಯಾನದ ಹತ್ತಿರ ಇಳಿದಾಗ ಬಸವಂತರಾಯರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಫಾರ್ಮಿನ ಟೇಬಲ್ಲಿಗೆ ಬರಬೇಕಾಗಿದ್ದ ಇಬ್ಬರು ಬಂದಿರಲಿಲ್ಲ, ಕಲಾವಿದರು ಮಾತ್ರ ಟೆಂಪೋ ತುಂಬ ಬಂದು ಇಳಿಯುತ್ತಿದ್ದರು.

"ಮೇಡಂ, ನಿಮಗ ಕನ್ನಡ ಬರಿಯಾಕ ಬರ್ತದಲ್ರಿ?" ಎಂದರು. ನಾನು ಹೂಂ ಅನ್ನುವಷ್ಟರಲ್ಲಿ ನನ್ನ ಕೊರಳಿಗೆ ಹಳದಿ ದಾರ ಬಿದ್ದಿತ್ತು. ಕೊಟ್ಟು ಆಮೇಲೆ ಕೇಳುವ ಪದ್ಧತಿ ಇಲ್ಲೂ ಇತ್ತು.

ಫಾರ್ಮಿನಲ್ಲಿ ಐದು ಕಾಲಂ: ಹೆಸರು, ಊರು, ವಯಸ್ಸು, ಕಲೆ, ಯಾರಿಂದ ಕಲಿತದ್ದು. ನನ್ನ ಮುಂದೆ ಮೊದಲು ಕುಳಿತವರು ಸೋಬಾನೆ ಪದ ಹಾಡುವ ಚಂದಮ್ಮ. ಹೆಸರು, ಊರು ಆಯಿತು.

"ವಯಸ್ಸೆಷ್ಟು ಅಜ್ಜಿ?"

"ನಿನಗ ತಿಳಿದಷ್ಟು ಬರಿಯವ್ವಾ."

ಅವರ ಮುಖ ನೋಡಿ, ಕೈ ನೋಡಿ, ಎಪ್ಪತ್ತೆರಡು ಎಂದು ಬರೆದೆ.

"ಎಷ್ಟ್ ಬರದಿ?"

"ಎಪ್ಪತ್ತೆರಡು."

"ಹೆಚ್ಚಾತು. ಎರಡು ಕಮ್ಮಿ ಮಾಡು."

ಮಾಡಿದೆ. "ಪದ ಯಾರಿಂದ ಕಲಿತಿರಿ?"

"ಅತ್ತಿ ಬೀಸೂ ಕಲ್ಲಿನ ಮುಂದ ಹಾಡ್ತಿದ್ದಳು. ನನಗ ಕಲಸಬಾರದು ಅಂತ ಸಣ್ಣ ದನಿಲೆ ಹಾಡ್ತಿದ್ದಳು. ನಾ ಗ್ವಾಡಿಗಿ ಕಿವಿ ಹಚ್ಚಿ ಕಲತೆ. ಹಂಗ ಬರೀತಿ ಏನ?"

ಆ ಕಾಲಂ ಎರಡು ಬೆರಳಗಲ ಇತ್ತು. "ಅತ್ತೆಯಿಂದ" ಎಂದು ಬರೆದೆ. ಚಂದಮ್ಮನಿಗೆ ಓದಿ ಹೇಳಿದಾಗ "ಆಕಿ ಏನ್ ಕಲಸಿಲ್ಲ ತಗೋ" ಎಂದು ಎದ್ದುಹೋದರು.

ಸಾಲು ಬೆಳೆಯುತ್ತ ಹೋಯಿತು. ಬಿಸಿಲೂ ಏರಿತು. ಪಕ್ಕದ ಟೇಬಲ್ಲಿನಲ್ಲಿ ರೇಣುಕಾ ತಲೆ ಎತ್ತದೆ ಬರೆಯುತ್ತಿದ್ದಳು. ನಾನು ವೇಗ ಹೆಚ್ಚಿಸಿದೆ. ಎಷ್ಟೋ ಹೊತ್ತಿನ ಮೇಲೆ ಒಬ್ಬ ಹಿರಿಯರ ಫಾರ್ಮ್ ಮುಗಿಸಿ ಮುಂದಿನದಕ್ಕೆ ಕೈ ಹಾಕಿದಾಗ ಪೆನ್ನು ತಾನಾಗಿ ನಿಂತಿತು. "ಯಾರಿಂದ ಕಲಿತದ್ದು" ಎಂಬಲ್ಲಿ "ಹಿರಿಯರಿಂದ" ಎಂದು ಬರೆದಿದ್ದೆ. ಅವರನ್ನು ಕೇಳಿರಲೇ ಇಲ್ಲ. ಹಿಂದಿನ ಫಾರ್ಮ್ ತಿರುವಿದೆ. ಹಿರಿಯರಿಂದ. ಅದರ ಹಿಂದಿನದು. ಹಿರಿಯರಿಂದ. ಎಂಟು ಜನರದು ಹಾಗೇ ಇತ್ತು. ಯಾರೂ ತಕರಾರು ಮಾಡಿರಲಿಲ್ಲ.

ನಾನು ಆ ಎಂಟು ಫಾರ್ಮ್ ಎತ್ತಿಕೊಂಡು ರೇಣುಕಾಳ ಮುಂದೆ ಇಟ್ಟೆ. ಅವಳು ಒಂದೊಂದಾಗಿ ನೋಡಿದಳು. ತುಟಿಯ ತುದಿಯಲ್ಲಿ ನಗು ಬಂತು, ತಡೆದುಕೊಂಡಳು.

"ಅಕ್ಷರ ಛಲೋ ಅದಾವ್ರಿ ಅಕ್ಕಾರ," ಎಂದಳು.

ಊಟದ ಹೊತ್ತಿಗೆ ಕಮಲಾಪುರಕ್ಕೆ ಬಂದಿದ್ದ ಸ್ವಯಂಸೇವಕರೆಲ್ಲ ಬೇವಿನ ನೆರಳಲ್ಲಿ ಸೇರಿದರು, ಸುಮಾರು ಇಪ್ಪತ್ತು ಜನ. ರೊಟ್ಟಿ, ಪುಂಡಿ ಪಲ್ಯ, ಆಮೇಲೆ ಊರಿನವರು ಬುಟ್ಟಿಯಲ್ಲಿ ತಂದ ಕಮಲಾಪುರದ ಕೆಂಪು ಬಾಳೆಹಣ್ಣು. ಒಂದು ಹಣ್ಣು ತಿಂದರೆ ಅರ್ಧ ಊಟವಾಗುವಷ್ಟು ದಪ್ಪ. ನಾನು ಕಟ್ಟು ಬಿಚ್ಚಿ, ಏನು ಮಾಡಲು ಹೊರಟಿದ್ದೇನೆಂದು ಪೂರ್ತಿ ತಿಳಿಯದೆಯೇ, ಮೇಲಿನ ಹಾಳೆ ಜೋರಾಗಿ ಓದಿದೆ.

"ಮಲ್ಲಿಕಾರ್ಜುನ. ಸ್ವಯಂಸೇವಕನಾಗಲು ಕಾರಣ: ನಾಡಿನ ಸಂಸ್ಕೃತಿಯನ್ನು ಉಳಿಸುವುದು."

"ಯಾರಪ್ಪಾ ಅವ?" ಎಂದ ಮಲ್ಲಿಕಾರ್ಜುನ. ಎಲ್ಲರೂ ನಕ್ಕರು. "ನಾ ಅಲ್ರಿ ಮೇಡಂ. ನಮ್ಮ ಹಾಸ್ಟೆಲಿನ ಪಲ್ಯ ಒಮ್ಮೆ ತಿಂದು ನೋಡ್ರಿ, ನೀವೂ ವಾಲಂಟಿಯರ್ ಆಗ್ತೀರಿ."

"ಸುಳ್ಳ ಹೇಳಬ್ಯಾಡಲೇ," ಎಂದ ಪಕ್ಕದವನು. "ಹಲಗಿ ಮೇಳ ಬಂದ್ರ ಊಟ ಬಿಟ್ಟು ಅವರ ಹಿಂದ ಹೋಗ್ತಿ."

ಮಲ್ಲಿಕಾರ್ಜುನ ಬಾಳೆಹಣ್ಣಿನ ಸಿಪ್ಪೆ ನೋಡುತ್ತ ಕುಳಿತ. "ನಮ್ಮಜ್ಜ ಹಲಗಿ ಬಾರಸ್ತಿದ್ದ್ರಿ. ಮನ್ಯಾಗ ಈಗ ಯಾರೂ ಅದರ ಸುದ್ದಿ ತಗ್ಯಂಗಿಲ್ಲ."

"ಅದನ್ನು ಬರೆದುಕೊಳ್ಳಲಾ?"

"ಬರ್ಕೋರಿ. ಪಲ್ಯಾನೂ ಬರ್ಕೋರಿ."

ಸಾವಿತ್ರಿಯ ಹಾಳೆಯಲ್ಲಿ ನಾಯಕತ್ವದ ಗುಣ ಇತ್ತು. ಅವಳು ತಲೆಯಾಡಿಸಿದಳು. "ಸಂಜಿ ಆರಕ್ಕ ಮನ್ಯಾಗ ಇರ್ಬೇಕು ಅಂತಾರ್ರಿ ನಮ್ಮಪ್ಪ. ಈ ಬ್ಯಾಡ್ಜ್ ಕೊಳ್ಳಾಗ ಇತ್ತಂದ್ರ ಎಂಟರ ತನಕಾ ಯಾರೂ ಕೇಳಂಗಿಲ್ಲ. ಹೊರಗ ಲೈಟ್ ಹತ್ತೂದು ನೋಡಿರ್ಲೇ ಇಲ್ಲ ನಾ."

ಹೀಗೆ ಒಂದೊಂದಾಗಿ. ಕೆಲವನ್ನು ರೇಣುಕಾ ಸರಿಯಾಗಿ ಊಹಿಸಿದ್ದಳು, ಆಗ ಎಲ್ಲರೂ ಅವಳಿಗೆ ಚಪ್ಪಾಳೆ ಹೊಡೆದರು. ತಪ್ಪಿದಾಗ ಇನ್ನೂ ಜೋರಾಗಿ ಹೊಡೆದರು. ಖಾಲಿ ಹಾಳೆ ಕೊಟ್ಟಿದ್ದರೆ ಇವರೆಲ್ಲ ಶೋಭೆ ಕೊಡುವಂಥದ್ದನ್ನೇ ಬರೆಯುತ್ತಿದ್ದರು. ಇನ್ನೊಬ್ಬರು ತಮ್ಮ ಬಗ್ಗೆ ತಪ್ಪು ಬರೆದದ್ದು ಕೇಳಿದಾಗ ಮಾತ್ರ ನಿಜ ಬಾಯಿಗೆ ಬಂತು. ನಾನು ಹಾಳೆಯ ಅಂಚಿನಲ್ಲಿ, ಗುಂಡು ಅಕ್ಷರದ ಪಕ್ಕದಲ್ಲಿ, ನನ್ನ ಅವಸರದ ಅಕ್ಷರದಲ್ಲಿ ಬರೆಯುತ್ತಲೇ ಹೋದೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಳಿದ ದಿನಗಳಲ್ಲಿ ನಗರದಲ್ಲಿ ಮಿಕ್ಕವರನ್ನೂ ಹುಡುಕಿ ಇದೇ ರೀತಿ ಓದಿ ಹೇಳಿದೆ. ನಡೆದದ್ದನ್ನೆಲ್ಲ ಮುಚ್ಚದೆ ಗೈಡ್‌ಗೆ ಬರೆದೆ, ಚಹಾದ ಹೊತ್ತಿನ ನನ್ನ ಯೋಚನೆಯನ್ನೂ ಸೇರಿಸಿ. ಒಂದು ಸಾಲಿನ ಉತ್ತರ ಬಂತು: "ಅವರು ತುಂಬಿದ್ದು, ನೀನು ತಿದ್ದಿದ್ದು ಎರಡನ್ನೂ ತಾ." ಪ್ರಬಂಧ ಬದುಕಿತು, ಸ್ವಲ್ಪ ಕುಂಟುತ್ತ.

ಕಮಲಾಪುರದ ಬೇವಿನ ಕೆಳಗೆ ಕೊನೆಗೆ ಉಳಿದದ್ದು ಎರಡು ಖಾಲಿ ಹಾಳೆ.

"ಇಮ್ರಾನ್‌ದು ನಾ ಹೇಳ್ತೀನ್ರಿ," ಎಂದ ಮಲ್ಲಿಕಾರ್ಜುನ. "ಅವರ ಲಾಡ್ಜಿಗಿ ಬಂದವ್ರು ಒಂದ್ ರಾತ್ರಿ ಇದ್ದು ಹೋಗ್ತಾರ. ಇಲ್ಲಿ ಬಂದವ್ರು ಮೂರು ದಿನ ಇರ್ತಾರ. ಹೋಗೂ ಮುಂದ ಅಳ್ತಾನ್ರಿ ಇವ."

"ಚುಪ್ ಬೈಠೋ," ಎಂದ ಇಮ್ರಾನ್. ಆದರೆ ಅಲ್ಲ ಎನ್ನಲಿಲ್ಲ.

"ಮತ್ತೆ ರೇಣುಕಾದು?"

ಈ ಸಲ ಸಾವಿತ್ರಿ ಬಾಯಿ ತೆರೆದಳು. "ಅಕಿದೇನ್ 'ಕಾರಣ' ಬರೀತೀರಿ. ಮೈಕಿನ್ಯಾಗ ಅಕಿ ಹೆಸರು ಕರದ್ರ ಸಾಕ್ರಿ. ಮೊದಲ ಸಲ ಕರದಾಗ ಕೇಳಿಲ್ಲದಂಗ ನಿಂದ್ರತಾಳ. ಎರಡನೇ ಸಲ ಕರೀಲಿ ಅಂತ."

ನಗು ಎದ್ದಿತು. ರೇಣುಕಾ ಸಾವಿತ್ರಿಯ ಬೆನ್ನಿಗೆ ಗುದ್ದಿ, ಮುಖವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡಳು. ನನಗೆ ಕಂಬದ ಪಕ್ಕ ನಿಂತಿದ್ದವಳು ಕಂಡಳು, ಹಿಟ್ಟಿನ ಡಬ್ಬಿಯ ಫೋನೂ ಕೇಳಿಸಿತು. ನನ್ನ ಎಂಟು ಉತ್ತರಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ನಾಲ್ಕು ಗೆರೆಗಳ ಜಾಗದಲ್ಲಿ ಬರೆದುಕೊಂಡೆ.

"ಖರೆನಾ ರೇಣುಕಾ?" ಎಂದೆ. ಆ ಹೊತ್ತಿಗೆ ನನ್ನ ಬಾಯಿಗೂ ಖರೆ ಬಂದಿತ್ತು.

ದುಪಟ್ಟಾದ ಒಳಗಿನಿಂದಲೇ ಅವಳು ಹೇಳಿದಳು. "ಬರ್ಕೋರಿ ಅಕ್ಕಾರ. ಬಸವಂತರಾಯ ಸರಿಗಿ ಮಾತ್ರ ತೋರಸಬ್ಯಾಡ್ರಿ."

ಅಷ್ಟರಲ್ಲಿ ಶಾಮಿಯಾನದ ಮೈಕು ಗರ್ ಎಂದಿತು. ಹೊಸ ಮೇಳವೊಂದು ಬಂದಿಳಿದಿರಬೇಕು.

"ಪ್ರತಿಮಾ ಮೇಡಂ ಎಲ್ಲಿದ್ದರೂ ಫಾರ್ಮಿನ ಟೇಬಲ್ಲಿನ ಹತ್ತಿರ ಬರಬೇಕು."

ಕಮಲಾಪುರದ ಕೆಂಪು ಹೊಲಗಳ ಮೇಲೆ ನನ್ನ ಹೆಸರು ಹೋಗಿ, ಎಲ್ಲಿಗೋ ಬಡಿದು, ಸಣ್ಣದಾಗಿ ಮರಳಿ ಬಂತು. ಮಸ್ಕತ್ತಿನಲ್ಲಿ ಇಷ್ಟು ವರ್ಷ ಕುರ್ಚಿ ಹಾಕಿದ್ದೇನೆ, ಯಾರೂ ಮೈಕಿನಲ್ಲಿ ಕರೆದಿಲ್ಲ. ನಾನೂ ಯಾರನ್ನೂ ಕರೆದಿಲ್ಲ. ಹಾಳೆಗಳನ್ನು ಎದೆಗೊತ್ತಿಕೊಂಡು ಗಡಬಡಿಸಿ ಎದ್ದೆ.

ರೇಣುಕಾ ನನ್ನ ಕೈ ಹಿಡಿದಳು. ದುಪಟ್ಟಾ ಸರಿದು ಕಣ್ಣಷ್ಟೇ ಕಾಣುತ್ತಿತ್ತು.

"ತಡೀರಿ ಅಕ್ಕಾರ," ಎಂದಳು. "ಇನ್ನೊಮ್ಮಿ ಕರೀಲಿ."

ನಾನು ಓಡಿಹೋದೆ ಎಂದು ನೆನಪು ಹೇಳಲು ನೋಡುತ್ತದೆ. ದಿನಚರಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ನಿಂತೆ.